ಅರ್ಧ ದಿನ ಕೆಲಸ, ಉಳಿದರ್ಧ ಎಲೆ ಬಣ್ಣ: ಹೇಗೆ ಹೊಂದಿಸುತ್ತೀರಿ?

ಎಲೆಹಸಿರು (ಸಾಗರ):
ಬೆಳಗ್ಗೆ 9ರಿಂದ 1.30ರವರೆಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನ ಬಟ್ಟೆ ಮೇಲೆ ಎಲೆ ಅಚ್ಚು ಹಾಕಿ, ಎಲೆಯ ನರಗಳ ಗೆರೆ ಹಿಡಿದು ದಾರದಲ್ಲಿ ಹೊಲಿಯುತ್ತೇನೆ. ಸಾಗುವಾನಿಯ ಎಳೆ ಎಲೆ ಇಟ್ಟು ಸುತ್ತಿ, ಹಬೆಯಲ್ಲಿ ಬೇಯಿಸಿ ಬಿಚ್ಚಿದಾಗ ಬರುವ ಆ ಕೆಂಪು ನೋಡಿದರೆ ಹಸಿವೇ ಮರೆತುಹೋಗುತ್ತೆ. ಆದರೆ ನೆನೆಸಿ, ಬೇಯಿಸಿ, ಒಣಗಿಸುವಷ್ಟರಲ್ಲಿ ಮಕ್ಕಳು ಶಾಲೆಯಿಂದ ಬಂದಿರುತ್ತಾರೆ, ಸೂಜಿ ಹಿಡಿಯೋಕೇ ಆಗಲ್ಲ. ಹತ್ತಿ ಬಟ್ಟೆಯಲ್ಲಿ ಎರಡು ಸಲ ಒಗೆದರೆ ಬಣ್ಣವೂ ಹೋಗುತ್ತಿದೆ. ಕೆಲಸ ಬಿಡುವ ಹಾಗಿಲ್ಲ, ಇದನ್ನು ಬಿಡೋಕೆ ಮನಸ್ಸಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಚೊಗರುಬಣ್ಣ:
ಮೊದಲು ಬಣ್ಣದ ವಿಷಯ. ಹೊಸ ಹತ್ತಿ ಬಟ್ಟೆಯ ಗಂಜಿ ಪೂರ್ತಿ ಹೋಗಬೇಕು, ವಾಷಿಂಗ್ ಸೋಡಾ ಹಾಕಿ ಕುದಿಸಿ. ಆಮೇಲೆ ಬಣ್ಣ ಕಚ್ಚಿಕೊಳ್ಳೋಕೆ ಅಳಲೆಕಾಯಿ ಪುಡಿಯ ನೀರಲ್ಲಿ ಅದ್ದಿ, ಅದು ಒಣಗಿದ ಮೇಲೆ ಪಟಿಕದ ನೀರಲ್ಲಿ. 100 ಗ್ರಾಂ ಬಟ್ಟೆಗೆ ನಾನು ಎರಡನ್ನೂ ತಲಾ ಸುಮಾರು 15 ಗ್ರಾಂ ಹಾಕುತ್ತೇನೆ. ರೇಷ್ಮೆಗಾದರೆ ಪಟಿಕ ಒಂದೇ ಸಾಕು, ಹತ್ತಿಗೆ ಸಾಲದು. ಇನ್ನು ಸಮಯ: ನೆನೆಯೋಕೆ ನೀವು ಪಕ್ಕದಲ್ಲಿ ಕೂರಬೇಕಿಲ್ಲ ಅಲ್ವಾ? ರಾತ್ರಿ ಮಲಗುವ ಮುಂಚೆ ಅದ್ದಿಡಿ, ಬೆಳಗ್ಗೆ ಹಿಂಡಿ ನೆರಳಲ್ಲಿ ಹರವಿ ಕೆಲಸಕ್ಕೆ ಹೋಗಿ. ಒಲೆ ಕೆಲಸ ಭಾನುವಾರ ಮಾತ್ರ, ಒಂದೇ ಸಲ ನಾಲ್ಕೈದು ತುಂಡು. ಪಾತ್ರೆ ಬೇರೆಯೇ ಇರಲಿ, ಅಡುಗೆಯದು ಬೇಡ. ನಿಮ್ಮದು ಅಡಿಕೆ ಸೀಮೆ, ಅಡಿಕೆ ಬೇಯಿಸುವ ಕಾಲದಲ್ಲಿ ಯಾರದಾದರೂ ಮನೆಯಲ್ಲಿ ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಕೇಳಿ ಇಟ್ಟುಕೊಳ್ಳಿ. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರು ಅದರಲ್ಲೇ ಬಟ್ಟೆಗೆ ಬಣ್ಣ ಕಟ್ಟುತ್ತಾರೆ, ಹತ್ತಿರವೇ ಇದೆ, ಒಮ್ಮೆ ಹೋಗಿ ನೋಡಿ ಬನ್ನಿ.

ಗವಂತಿ (ಧಾರವಾಡ):
ನಾನೂ ಅರ್ಧ ದಿನದ ಕೆಲಸದವಳೇ ಅಕ್ಕಾ. ಅಂಗೈ ಅಗಲದ ತುಂಡು, ಎರಡು ಬಣ್ಣದ ದಾರ, ಒಂದು ಸೂಜಿ ಯಾವಾಗಲೂ ಬ್ಯಾಗಿನಲ್ಲಿ ಇರುತ್ತೆ. ಕಸೂತಿಯಲ್ಲಿ ಎಳೆ ಎಣಿಸಿ ಹಾಕೋದು, ಗಂಟು ಹಾಕಲ್ಲ, ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ. ಹೋಗುವಾಗ ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದು ತುಂಬೋದು. ಹಾಗಾಗಿ ಸಾಲಿನ ತುದಿಗೆ ಬಂದು ನಿಲ್ಲಿಸಿದರೆ, ನಾಳೆ ಎಲ್ಲಿಂದ ಶುರು ಅಂತ ಹುಡುಕಬೇಕಿಲ್ಲ. ಬಸ್ಸಿಗೆ ಕಾಯೋ ಹತ್ತು ನಿಮಿಷದಲ್ಲೇ ಒಂದು ನವಿಲಿನ ಕೊರಳು ಮುಗಿಸಿದ್ದೇನೆ.

ಕೌದಿಮನೆ:
ಮಾರುವುದಾದರೆ ಒಂದು ಮಾತು. ಹೊಲಿದ ಗಂಟೆಗಳನ್ನು ಬರೆದಿಡಿ. ನಾನು ಮೊದಲ ಕೌದಿಯನ್ನು ಬರೀ ಬಟ್ಟೆ, ದಾರದ ಲೆಕ್ಕದಲ್ಲಿ ಕೊಟ್ಟುಬಿಟ್ಟೆ. ಎರಡು ತಿಂಗಳ ಸಂಜೆಗಳು ಅದರಲ್ಲಿದ್ದವು, ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತೆ.

ಎಲೆಹಸಿರು:
ತುಂಬಾ ಥ್ಯಾಂಕ್ಸ್. ಗಂಜಿ ತೆಗೆಯದೆ ಸುಮ್ನೆ ನೀರಲ್ಲಿ ಅದ್ದಿ ಶುರು ಮಾಡುತ್ತಿದ್ದೆ, ತಪ್ಪು ಅಲ್ಲೇ ಆಗಿದೆ. ಇವತ್ತು ರಾತ್ರಿಯೇ ಎರಡು ಮೀಟರ್ ಕುದಿಸುತ್ತೇನೆ. ಅಳಲೆ ಹಾಕಿದರೆ ಬಟ್ಟೆ ಸ್ವಲ್ಪ ಹಳದಿಯಾಗುತ್ತಲ್ಲ, ಅದರ ಮೇಲೆ ಸಾಗುವಾನಿ ಕೆಂಪು ಹೇಗೆ ಕಾಣುತ್ತೆ? ಯಾರಾದರೂ ಮಾಡಿದ್ದರೆ ಫೋಟೋ ಹಾಕಿ.