‘ಇಂಗುವಿಕೆ’, ‘ಮರುಪೂರಣ’ ಎರಡೂ ಒಂದೆಯೇ?

ಪ್ರಶ್ನೆ (ಗೌರಿಬಿದನೂರು): ಉತ್ತರ ಪಿನಾಕಿನಿ ಕಣಿವೆಯ ಹಳ್ಳಿಗಳಿಗಾಗಿ ನೀರಿನ ಆಯವ್ಯಯದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕರಡಿನಲ್ಲಿ ‘ಇನ್‌ಫಿಲ್ಟ್ರೇಶನ್’, ‘ರೀಚಾರ್ಜ್’ ಎರಡಕ್ಕೂ ‘ಇಂಗುವಿಕೆ’ ಎಂದೇ ಇದೆ. ‘ಸ್ಪೆಸಿಫಿಕ್ ಯೀಲ್ಡ್’ ಎಂಬುದು ‘ವಿಶಿಷ್ಟ ಇಳುವರಿ’ ಆಗಿದೆ. ರೈತರು ರಾಗಿಯ ಇಳುವರಿ ಅಂದುಕೊಂಡಾರು. ‘ಬೇಸಿನ್’ಗೆ ‘ನದಿಪಾತ್ರ’ ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ (ಕೋಲಾರ): ಮೇಡಂ, ಎರಡಕ್ಕೂ ಒಂದೇ ಪದ ಬಳಸಿದರೆ ಲೆಕ್ಕವೇ ಕೆಡುತ್ತದೆ. ಮಳೆನೀರು ಮಣ್ಣಿನೊಳಗೆ ಇಳಿಯುವುದು ಇಂಗುವಿಕೆ. ಒಂದು ಹದ ಮಳೆಗೆ ಹೊಲ ಉಳುವಷ್ಟು ತೇವವಾಗುತ್ತದಲ್ಲ, ಅದೆಲ್ಲ ಇಂಗಿದ ನೀರೇ. ಅದರಲ್ಲಿ ಬಹುಪಾಲನ್ನು ಬೇರು ಹೀರುತ್ತದೆ, ಬಿಸಿಲು ಎಳೆಯುತ್ತದೆ. ಬೇರಿನ ಪದರ ದಾಟಿ, ಕೆಳಕ್ಕೆ ಬಸಿದು, ಅಂತರ್ಜಲ ಮಟ್ಟವನ್ನು ಮುಟ್ಟಿದ್ದು ಮಾತ್ರ ಮರುಪೂರಣ.

ಗೊಂದಲ ಇಂಗ್ಲಿಷಿನಲ್ಲೇ ಇದೆ. ಅಂತರ್ಜಲ ಅಂದಾಜು ಸಮಿತಿಯ 1997ರ ವಿಧಾನದಲ್ಲಿ ಬರುವ ‘ರೇನ್‌ಫಾಲ್ ಇನ್‌ಫಿಲ್ಟ್ರೇಶನ್ ಫ್ಯಾಕ್ಟರ್’ ಹೆಸರಿಗೆ ಇಂಗುವಿಕೆ, ಹೇಳುವುದು ಮರುಪೂರಣವನ್ನು. ಜೇಡಿ ಕಡಿಮೆಯಿರುವ ಶಿಥಿಲ (ಬಿಸಿಲು ಮಳೆಗೆ ಸಿಕ್ಕಿ ಸಡಿಲಗೊಂಡ) ಗ್ರಾನೈಟ್, ‘ನೈಸ್’ ಎಂಬ ಪಟ್ಟೆಗಲ್ಲಿಗೆ ಅಲ್ಲಿ ಮಳೆಯ ಶೇ 11, ಜೇಡಿ ಹೆಚ್ಚಿದ್ದರೆ ಶೇ 8. ಇದನ್ನು ‘ಇಂಗು ಗುಣಾಂಕ’ ಎಂದರೆ, ಮಿಕ್ಕ ಶೇ 89 ಹಳ್ಳ ಸೇರಿ ಹರಿದುಹೋಯಿತು ಎಂದುಕೊಂಡು ಊರವರು ಇನ್ನೊಂದು ಚೆಕ್ ಡ್ಯಾಂ ಕೇಳುತ್ತಾರೆ. ನಿಜದಲ್ಲಿ ಅದರ ಹೆಚ್ಚಿನ ಪಾಲು ಬೆಳೆ, ಗಿಡ, ನೆಲದಿಂದ ಆವಿಯಾಗಿರುತ್ತದೆ. ‘ಮಳೆ ಮರುಪೂರಣ ಗುಣಾಂಕ’ ಎಂದೇ ಬರೆಯಿರಿ.

‘ವಿಶಿಷ್ಟ ಇಳುವರಿ’ ಖಂಡಿತ ಬೇಡ. ತಳದಲ್ಲಿ ತೂತಿರುವ ಬಕೆಟ್ಟಿಗೆ ಮೊರಂಬು ತುಂಬಿ, ತೂತು ಮುಚ್ಚಿ ನೀರು ಹೊಯ್ದು, ಆಮೇಲೆ ತೂತು ಬಿಟ್ಟು ನೋಡಿ. ಸ್ವಲ್ಪ ನೀರು ತೊಟ್ಟಿಕ್ಕುತ್ತದೆ, ಉಳಿದದ್ದು ಕಣಕ್ಕೆ ಅಂಟಿ ನಿಲ್ಲುತ್ತದೆ. ತೊಟ್ಟಿಕ್ಕಿದ್ದು ಮೊರಂಬಿನ ಒಟ್ಟು ಗಾತ್ರದಲ್ಲಿ ಎಷ್ಟು ಪಾಲೋ ಅದೇ ಸ್ಪೆಸಿಫಿಕ್ ಯೀಲ್ಡ್. ನನಗೆ ಒಪ್ಪುವ ಪದ ‘ಬಸಿಪಾಲು’. ನಮ್ಮ ಶಿಥಿಲ ಕಲ್ಲಿನಲ್ಲಿ ಇದು ಶೇ 1ರಿಂದ 4ರೊಳಗೆ.

ಕೈಪಿಡಿಯಲ್ಲಿ ಉದಾಹರಣೆಯೊಂದು ಇರಲಿ. ಮೇ ತಿಂಗಳಲ್ಲಿ ನೀರು 14 ಮೀಟರ್ ಆಳದಲ್ಲಿತ್ತು, ನವೆಂಬರ್‌ನಲ್ಲಿ 11 ಮೀಟರ್‌ಗೆ ಬಂತು ಎನ್ನಿ. ಏರಿಕೆ 3 ಮೀಟರ್, ಬಸಿಪಾಲು ಶೇ 2. ಅಂದರೆ 60 ಮಿ.ಮೀ. ಮಳೆಗಾಲದಲ್ಲೇ ಪಂಪಿನಿಂದ ಎತ್ತಿದ್ದು 25 ಮಿ.ಮೀ. ಕೂಡಿಸಿ. ಕೆರೆ ಮತ್ತು ನೀರಾವರಿ ಹೊಲಗಳಿಂದ ಬಸಿದದ್ದು 15 ಮಿ.ಮೀ. ಕಳೆಯಿರಿ. ಉಳಿದ 70 ಮಿ.ಮೀ. ಮಳೆಯ ಮರುಪೂರಣ. ಒಂದು ಚದರ ಕಿಲೋಮೀಟರಿಗೆ 7 ಕೋಟಿ ಲೀಟರ್. ಆ ಅವಧಿಯ ಮಳೆ 650 ಮಿ.ಮೀ. ಆಗಿದ್ದರೆ ಸುಮಾರು ಶೇ 10.8.

ಕಳೆಯುವ ಹೆಜ್ಜೆಯನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೆರೆಗಳಿಗೆ ಬರುತ್ತಿರುವ ನಮ್ಮಲ್ಲಿ, ಕೆರೆ ಕೆಳಗಿನ ಬಾವಿಯ ಏರಿಕೆಯನ್ನೆಲ್ಲ ಮಳೆಯ ಖಾತೆಗೆ ಹಾಕಿದರೆ ಅಂದಾಜು ಉಬ್ಬುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸಾವಿರ ಅಡಿ ಬೋರಿನಲ್ಲಿ ನೀರು 20 ಮೀಟರ್ ಮೇಲೆ ಬಂದರೆ ಅದಕ್ಕೂ ಶೇ 2 ಹಚ್ಚುತ್ತಾರೆ. ಆಳದ ಬಿರುಕುಗಳಲ್ಲಿ ಅದು ಹೆಚ್ಚಾಗಿ ಒತ್ತಡದ ಏರಿಕೆ. ಸೇರಿದ ನೀರು ಬಲು ಕಡಿಮೆ. ಶಿಥಿಲ ಪದರದಲ್ಲಿರುವ ತೆರೆದ ಬಾವಿ ಅಥವಾ ವೀಕ್ಷಣಾ ಕೊಳವೆಯಲ್ಲೇ ಅಳೆಯಬೇಕು. ಅಕ್ಕಪಕ್ಕದ ಪಂಪುಗಳನ್ನು ನಿಲ್ಲಿಸಿ, ಮಟ್ಟ ಚೇತರಿಸಿಕೊಂಡ ಮೇಲೆ ಸೀಮೆಸುಣ್ಣ ಬಳಿದ ಟೇಪು ಇಳಿಬಿಟ್ಟರೆ ಒದ್ದೆಯಾದ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ‘ನದಿಪಾತ್ರ’: ಅದು ಹೊಳೆ ಹರಿಯುವ, ಮರಳಿರುವ ತಳ. ಸುತ್ತಲ ಹೊಲ, ಗುಡ್ಡ, ಕೆರೆಗಳೆಲ್ಲ ಸೇರಿದ ಬೇಸಿನ್‌ಗೆ ‘ಜಲಾನಯನ ಪ್ರದೇಶ’ ಎನ್ನಿ. ಓದುವವರು ಊರಿನವರಾದ್ದರಿಂದ ನೀವೇ ಬರೆದಿರುವ ‘ಕಣಿವೆ’ ಇನ್ನೂ ಚೆನ್ನ.