ಚಕ್ ಕ್ಲೈನ್‌ಗೆ 300 ಬದಲು 337 ಹೋಮ್‌ರನ್ ಬರ್ತಿದೆ, ಲೀಗ್ ಹೋಲಿಕೆಯೂ ಅನುಮಾನ

ಸ್ಕೋರ್‌ಶೀಟ್:
ನಮಸ್ಕಾರ. ಲಾಹ್‌ಮನ್ ಬೇಸ್‌ಬಾಲ್ ಡೇಟಾಬೇಸನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಹಾಕಿಕೊಂಡಿದ್ದೇನೆ. ಇಬ್ಬರು ಎಡಗೈ ಬ್ಯಾಟರ್‌ಗಳನ್ನು ಅವರವರ ಕಾಲದವರ ಎದುರಿಟ್ಟು ಅಳೆಯಬೇಕು: ಫಿಲಡೆಲ್ಫಿಯಾ ಫಿಲೀಸ್‌ನ ಚಕ್ ಕ್ಲೈನ್ (1928–44), ಬಾಸ್ಟನ್ ರೆಡ್ ಸಾಕ್ಸ್‌ನ ಕಾರ್ಲ್ ಯಾಸ್ಟ್ರೆಮ್‌ಸ್ಕಿ (1961–83). ಪ್ರತಿ ವರ್ಷದ ಮೊತ್ತದ ಟೇಬಲ್ ಮಾಡಿ, ಆಟಗಾರನ ಐಡಿ ಮತ್ತು ವರ್ಷದ ಮೇಲೆ ಬ್ಯಾಟಿಂಗ್ ಟೇಬಲ್‌ಗೆ ಜಾಯಿನ್ ಮಾಡಿದ್ದೇನೆ (ಸಾಲಿಗೆ ಸಾಲು ಜೋಡಿಸಿದ್ದೇನೆ). ಯಾಸ್ಟ್ರೆಮ್‌ಸ್ಕಿಯ 452 ಹೋಮ್‌ರನ್ ಸರಿಯಾಗಿದೆ. ಕ್ಲೈನ್‌ಗೆ 337 ಬರ್ತಿದೆ, ಆನ್-ಬೇಸ್ ಪ್ರಮಾಣವಂತೂ (ಬ್ಯಾಟರ್ ಎಷ್ಟರ ಮಟ್ಟಿಗೆ ಬೇಸ್ ತಲುಪಿದ ಅನ್ನೋ ಲೆಕ್ಕ) ಖಾಲಿ. ಲೀಗ್ ಹೋಲಿಕೆಗೆ ಆಟಗಾರನ ಬ್ಯಾಟಿಂಗ್ ಸರಾಸರಿಗೂ ಲೀಗ್ ಸರಾಸರಿಗೂ ವರ್ಷವರ್ಷದ ಅನುಪಾತ ತೆಗೆದು ಎಲ್ಲದರ ಸರಾಸರಿ ಮಾಡ್ತಿದ್ದೇನೆ. ಎಲ್ಲಿ ಎಡವಟ್ಟಾಗಿದೆ ಅಂತ ಹೇಳ್ತೀರಾ?

ಕ್ವೆರಿಕಟ್ಟೆ:
37 ಹೆಚ್ಚು ಬಂದಿದೆ ಅಲ್ವಾ, ಸುಳಿವು ಅದರಲ್ಲೇ ಇದೆ. ಕ್ಲೈನ್ 1936ರಲ್ಲಿ 25, 1939ರಲ್ಲಿ 12 ಹೋಮ್‌ರನ್ ಹೊಡೆದ. ಎರಡೂ ಸೇರಿದರೆ 37. 1936ರ ಸೀಸನ್ ನಡುವೆ ಶಿಕಾಗೊ ಕಬ್ಸ್‌ನಿಂದ ಫಿಲೀಸ್‌ಗೆ ವಾಪಸ್ ಬಂದ, 1939ರಲ್ಲಿ ಫಿಲೀಸ್‌ನಿಂದ ಪಿಟ್ಸ್‌ಬರ್ಗ್‌ಗೆ ಹೋದ. ಈ ಡೇಟಾಬೇಸಿನಲ್ಲಿ ತಂಡ ಬದಲಾದರೆ ಅದೇ ವರ್ಷಕ್ಕೆ ಎರಡು ಸಾಲು ಇರುತ್ತೆ, 'ಸ್ಟಿಂಟ್' ಕಾಲಂನಲ್ಲಿ 1, 2 ಅಂತ. ನಿಮ್ಮ ವರ್ಷದ ಮೊತ್ತ ಆ ಎರಡು ಸಾಲಿಗೂ ಅಂಟಿಕೊಂಡು ಎರಡು ಸಲ ಎಣಿಕೆಯಾಗಿದೆ. ಯಾಸ್ಟ್ರೆಮ್‌ಸ್ಕಿ ಕೊನೆವರೆಗೂ ಒಂದೇ ತಂಡದಲ್ಲಿದ್ದ, ಹಾಗಾಗಿ ಅಲ್ಲಿ ತೊಂದರೆ ಕಾಣಲಿಲ್ಲ. ಆ ಜಾಯಿನ್ ತೆಗೆದುಹಾಕಿ, ಮೊತ್ತದ ಟೇಬಲೊಂದೇ ಸಾಕು.

ಆನ್-ಬೇಸ್ ಖಾಲಿ ಬರೋದಕ್ಕೆ ಕಾರಣ ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟಾದರೂ ತಂಡಕ್ಕೆ ರನ್ ತರೋ ಹೊಡೆತ) ಕಾಲಂ. 1954ಕ್ಕಿಂತ ಹಿಂದೆ ಅದು ನಲ್, ಅಂದರೆ ಬೆಲೆಯೇ ಇಲ್ಲ. ನಲ್‌ಗೆ ಏನು ಕೂಡಿಸಿದರೂ ನಲ್. ಕೋಅಲೆಸ್ ಫಂಕ್ಷನ್ ಹಾಕಿ ನಲ್ ಇದ್ದಲ್ಲಿ ಸೊನ್ನೆ ಮಾಡಿಕೊಳ್ಳಿ.

ಇನ್ನು ಅನುಪಾತಗಳ ಸರಾಸರಿ ದಯವಿಟ್ಟು ಬೇಡ. ಕ್ಲೈನ್ ಕೊನೆಕೊನೆಗೆ ಬೆರಳೆಣಿಕೆಯ ಪಂದ್ಯ ಆಡಿದ ವರ್ಷಕ್ಕೂ 1930ರಂಥ ವರ್ಷಕ್ಕೂ ಒಂದೇ ತೂಕ ಬಿದ್ದುಬಿಡುತ್ತೆ. ಪ್ರತಿ ವರ್ಷ ಆತನ ಅಟ್-ಬ್ಯಾಟ್‌ಗಳನ್ನು (ಸರಾಸರಿಯ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳು) ಆ ವರ್ಷದ ಲೀಗ್ ಸರಾಸರಿಯಿಂದ (ಒಂದು ಅಟ್-ಬ್ಯಾಟ್‌ಗೆ ಎಷ್ಟು ಹಿಟ್) ಗುಣಿಸಿ. ಸಾಮಾನ್ಯ ಬ್ಯಾಟರ್ ಆ ಜಾಗದಲ್ಲಿದ್ದರೆ ಎಷ್ಟು ಹಿಟ್ ಅಂತ ಸಿಗುತ್ತೆ. ಎಲ್ಲ ವರ್ಷದ್ದೂ ಕೂಡಿಸಿ, ಆತನ ಒಟ್ಟು ಹಿಟ್‌ಗಳನ್ನು ಅದರಿಂದ ಭಾಗಿಸಿ. ದಶಕದ ಸರಾಸರಿಯನ್ನಂತೂ ಬಳಸಲೇಬೇಡಿ: ನ್ಯಾಷನಲ್ ಲೀಗ್ 1930ರಲ್ಲಿ 0.303 ಹೊಡೆದಿತ್ತು, ಮರುವರ್ಷವೇ 0.277ಕ್ಕೆ ಇಳಿಯಿತು.

ಸ್ಕೋರ್‌ಶೀಟ್:
300 ಬಂತು! ತುಂಬಾ ಥ್ಯಾಂಕ್ಸ್. ಆದರೆ ಒಂದು ಫಲಿತಾಂಶ ನಂಬೋಕಾಗ್ತಿಲ್ಲ. ಲೀಗ್ ಸರಾಸರಿ 100 ಅಂತಿಟ್ಟರೆ ಕ್ಲೈನ್‌ನ 1930ರ 0.386ಕ್ಕೆ 127, ಯಾಸ್ಟ್ರೆಮ್‌ಸ್ಕಿಯ 1968ರ 0.301ಕ್ಕೆ 131. ಇದು ಸರಿನಾ?

ಮೂರನೇಬೇಸ್:
ಸರಿಯಾಗೇ ಇದೆ. 1968 ಪಿಚರ್‌ಗಳ (ಚೆಂಡು ಎಸೆಯೋರ) ವರ್ಷ. ಇಡೀ ಅಮೆರಿಕನ್ ಲೀಗ್ 0.230 ಹೊಡೆದಿತ್ತು, 0.300 ದಾಟಿದವನು ಯಾಸ್ಟ್ರೆಮ್‌ಸ್ಕಿ ಒಬ್ಬನೇ. ಮರುವರ್ಷ ಪಿಚರ್ ನಿಲ್ಲೋ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ತಗ್ಗಿಸಿದರು ಅಂದ ಮೇಲೆ ಊಹಿಸಿ. 0.301 ಅಂತ ಕೇಳಿ ಮೂಗು ಮುರಿಯೋರಿಗೆ ಆ ಲೀಗ್ ಸರಾಸರಿಯನ್ನು ಪಕ್ಕದಲ್ಲೇ ಇಟ್ಟು ತೋರಿಸಬೇಕು. ನನ್ನ ಪ್ರಕಾರ ಅದು ಕ್ಲೈನ್‌ನ 0.386ಕ್ಕಿಂತ ದೊಡ್ಡ ಸಾಧನೆ.

ಇನ್ನೊಂದು ಗಮನಿಸಿ. 1973ರಿಂದ ಅಮೆರಿಕನ್ ಲೀಗ್‌ನಲ್ಲಿ ಪಿಚರ್ ಬದಲು ಡೆಸಿಗ್ನೇಟೆಡ್ ಹಿಟ್ಟರ್ ಬ್ಯಾಟ್ ಮಾಡ್ತಾನೆ. ಅಂದರೆ ಯಾಸ್ಟ್ರೆಮ್‌ಸ್ಕಿಯ ಕರಿಯರ್‌ನ ಮೊದಲರ್ಧದ ಲೀಗ್ ಸರಾಸರಿಯಲ್ಲಿ ಪಿಚರ್‌ಗಳ ಕಳಪೆ ಬ್ಯಾಟಿಂಗ್ ಇದೆ, ಆಮೇಲಿನದರಲ್ಲಿ ಹೆಚ್ಚುಕಡಿಮೆ ಇಲ್ಲ. ಅಪಿಯರೆನ್ಸಸ್ ಟೇಬಲ್ ನೋಡಿ, ಅರ್ಧಕ್ಕಿಂತ ಹೆಚ್ಚು ಪಂದ್ಯ ಪಿಚರ್ ಆಗಿ ಆಡಿದವರನ್ನು ಎಲ್ಲ ವರ್ಷದಿಂದಲೂ ಹೊರಗಿಡಿ. ಇಬ್ಬರ ಅಂಕೆಯೂ ಸ್ವಲ್ಪ ಇಳಿಯುತ್ತೆ.

ಸ್ಕೋರ್‌ಶೀಟ್:
ಮಾಡ್ತೀನಿ. ಮೈದಾನದ ಲೆಕ್ಕವೂ ಸೇರಿಸಬೇಕಾ?

ಮೂರನೇಬೇಸ್:
ಕ್ಲೈನ್ ವಿಷಯದಲ್ಲಿ ಬೇಕೇಬೇಕು. ಫಿಲೀಸ್ ಆಡ್ತಿದ್ದ ಬೇಕರ್ ಬೌಲ್‌ನಲ್ಲಿ ಬಲಗಡೆಯ ಎತ್ತರದ ಗೋಡೆ ಫೌಲ್ ಗೆರೆಯಲ್ಲಿ ಬರೀ 280 ಅಡಿ ದೂರ, ಎಡಗೈಯವನಿಗೆ ಹೇಳಿಮಾಡಿಸಿದ್ದು. 1930ರಲ್ಲಿ ಆ ತಂಡ 0.315 ಹೊಡೆದೂ 102 ಪಂದ್ಯ ಸೋತು ಕೊನೆಗೆ ಬಿತ್ತು, ಏಕೆಂದರೆ ಎದುರಾಳಿಗಳೂ ಅಲ್ಲೇ ಬಂದು ಬಾರಿಸ್ತಿದ್ದರು. ಕ್ಲೈನ್ 1933ರಲ್ಲಿ 0.368 ಸರಾಸರಿಯೊಂದಿಗೆ ಟ್ರಿಪಲ್ ಕ್ರೌನ್ (ಸರಾಸರಿ, ಹೋಮ್‌ರನ್, ತಂಡಕ್ಕೆ ತಂದ ರನ್ ಮೂರರಲ್ಲೂ ಲೀಗ್‌ಗೆ ಮೊದಲು) ಗೆದ್ದ. ಮರುವರ್ಷ ಕಬ್ಸ್‌ಗೆ ಹೋದಾಗ 0.301.

ಟೀಮ್ಸ್ ಟೇಬಲ್‌ನ ಬಿಪಿಎಫ್ ಕಾಲಂ (ತವರು ಮೈದಾನ ಬ್ಯಾಟಿಂಗ್‌ಗೆ ಎಷ್ಟು ಅನುಕೂಲ ಅನ್ನೋದು, 100 ಅಂದರೆ ಸಾಮಾನ್ಯ) ತಗೊಳ್ಳಿ, ಆದರೆ ಹುಷಾರು. ಅರ್ಧ ಪಂದ್ಯ ಮಾತ್ರ ತವರಲ್ಲಿ ಅನ್ನೋದು ಅದರಲ್ಲಿ ಆಗಲೇ ಸೇರಿದೆ, ಮತ್ತೆ ಅರ್ಧ ಮಾಡಬೇಡಿ. ಅದು ರನ್‌ಗಳ ಅಳತೆ, ಬ್ಯಾಟಿಂಗ್ ಸರಾಸರಿಯನ್ನು ನೇರವಾಗಿ ಅದರಿಂದ ಭಾಗಿಸಿದರೆ ಕ್ಲೈನ್‌ಗೆ ಅನ್ಯಾಯವಾಗುತ್ತೆ. 100ರಿಂದ ಭಾಗಿಸಿ ವರ್ಗಮೂಲ ತೆಗೆದು ಬಳಸಿ, ಅಂದಾಜಿಗೆ ಅಷ್ಟು ಸಾಕು. ತಂಡ ಬದಲಿಸಿದ ಆ ಎರಡು ವರ್ಷಕ್ಕೆ ಮಾತ್ರ ಸ್ಟಿಂಟ್ ಸಾಲುಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡು, ಆಯಾ ತಂಡದ ಬಿಪಿಎಫ್ ಹಚ್ಚಿದ ಮೇಲೆ ಕೂಡಿಸಿ.