ಪದಚರ್ಚೆ: ಪಾಲಿಮರ್ ಕ್ಲೇ ಒಡವೆಯ ‘ಕೇನ್’ – ಕಡ್ಡಿಯೋ, ಕೋಲೋ, ದಿಂಡೋ?

ಮಾನ್ಯರೆ,

ಪಾಲಿಮರ್ ಕ್ಲೇ ಎಂಬ, ಮಣ್ಣಿನಂತೆ ನಾದಿ ರೂಪಿಸಬಹುದಾದ ಪ್ಲಾಸ್ಟಿಕ್ಕಿನಿಂದ ಬಣ್ಣಬಣ್ಣದ, ಸೂಕ್ಷ್ಮ ಚಿತ್ತಾರದ ಒಡವೆಗಳನ್ನು ಮಾಡುವ ಅಮೆರಿಕದ ಸ್ಟೀವನ್ ಫೋರ್ಡ್ ಮತ್ತು ಡೇವಿಡ್ ಫೋರ್ಲಾನೊ ಜೋಡಿಯ ಕುರಿತು ಬರೆಯುತ್ತಿರುವಾಗ ‘ಕೇನ್’ ಎಂಬ ಪದದ ಬಳಿ ನನ್ನ ಲೇಖನಿ ನಿಂತಿದೆ.

ಬೇರೆ ಬೇರೆ ಬಣ್ಣದ ಎಳೆಗಳನ್ನೂ ಹಾಳೆಗಳನ್ನೂ ಒತ್ತಾಗಿ ಜೋಡಿಸಿ, ಅಡ್ಡಲಾಗಿ ಕೊಯ್ದಲ್ಲೆಲ್ಲ ಅದೇ ಹೂವೋ ನಕ್ಷತ್ರವೋ ಕಾಣುವಂತೆ ಕಟ್ಟಿದ ದಪ್ಪ ಉರುಳೆಗೆ ಈ ಹೆಸರು. ಅದನ್ನು ಒತ್ತಿ, ಹೊಸೆದು ನೀಳವಾಗಿಸಿದಷ್ಟೂ ಒಳಗಿನ ಚಿತ್ತಾರ ರೂಪಗೆಡದೆ ಕಿರಿದಾಗುತ್ತ ಹೋಗುತ್ತದೆ. ಬಳಿಕ ತೆಳುವಾದ ಬಿಲ್ಲೆಗಳನ್ನು ಕೊಯ್ದು ಮಣಿಯ ಮೈಗೆ ಹೊದಿಸುತ್ತಾರೆ. ಇಟಲಿಯ ವೆನಿಸ್ ಬಳಿಯ ಮುರಾನೊ ದ್ವೀಪದ ಗಾಜಿನ ಕೆಲಸಗಾರರಿಂದ ಹೆಸರಾದ ‘ಮಿಲ್ಲೆಫಿಯೋರಿ’ಯ ಕ್ರಮವೇ ಇದು. ಆ ಇಟಾಲಿಯನ್ ಪದಕ್ಕೆ ‘ಸಾವಿರ ಹೂ’ ಎಂದರ್ಥ. ‘ಸಹಸ್ರಪುಷ್ಪ’ ಎಂದೊಡನೆ ಅರ್ಚನೆಯ ರಸೀದಿ ನೆನಪಾಗುವುದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

‘ಕೇನ್’ಗೆ ನಿಘಂಟು ಕೊಡುವ ‘ಬೆತ್ತ’ ಇಲ್ಲಿ ಸಲ್ಲದು. ‘ಕೋಲು’ ಬಿರುಸಾಯಿತು. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿರುವ ಅರಗಿನ ಕಡ್ಡಿಯನ್ನು ನೆನೆದು ‘ಕಡ್ಡಿ’ ಎನ್ನೋಣವೆಂದರೆ, ಕಟ್ಟಿದ ಹೊಸತರಲ್ಲಿ ಮುಷ್ಟಿಗಾತ್ರವಿರುವ ವಸ್ತುವಿಗೆ ಅದು ಒಪ್ಪುವುದಿಲ್ಲ. ನನ್ನ ಒಲವು ‘ದಿಂಡು’ ಎಂಬುದರ ಕಡೆಗಿದೆ: ಬಾಳೆದಿಂಡನ್ನು ಎಲ್ಲಿ ಕೊಯ್ದರೂ ಬಿಲ್ಲೆಯ ಮೇಲೆ ಅದೇ ಬಗೆಯ ವಿನ್ಯಾಸ ಕಾಣುತ್ತದೆ, ಮತ್ತು ಮಿದುತನವೂ ಆ ಪದದಲ್ಲಿದೆ. ಆದರೆ ‘ಚಿತ್ತಾರದ ದಿಂಡು’ ಎಂದರೆ ಓದುಗರಿಗೆ ಕಸೂತಿ ಹಾಕಿದ ದಿಂಬು ಕಂಡೀತೇ ಎಂಬ ಅಳುಕೂ ಇದೆ. (ಈ ಜೋಡಿ ಮೊದಲು ಇಟ್ಟುಕೊಂಡಿದ್ದ ‘ಸಿಟಿ ಜೆನ್ ಕೇನ್’ ಎಂಬ ಹೆಸರು ‘ಸಿಟಿಜನ್ ಕೇನ್’ ಎಂಬ ಪ್ರಸಿದ್ಧ ಚಲನಚಿತ್ರದ ಹೆಸರಿನ ಮೇಲಿನ ಶ್ಲೇಷೆ, ಅದನ್ನು ಕನ್ನಡಿಸುವ ಆಸೆಯನ್ನು ಬಿಟ್ಟಿದ್ದೇನೆ.)

ಇನ್ನೊಂದು ತೊಡಕು ‘ಕ್ಲೇ’ಯದೇ. ಪತ್ರಿಕೆಗಳು ‘ಪಾಲಿಮರ್ ಜೇಡಿಮಣ್ಣು’ ಎಂದು ಬರೆದರೆ ಓದುಗರು ಅದನ್ನು ನಮ್ಮಲ್ಲಿ ಬಳಕೆಯಲ್ಲಿರುವ ಟೆರಕೋಟಾ ಒಡವೆಯೆಂದೇ ತಿಳಿಯುವ ಸಂಭವವಿದೆ. ಇದರಲ್ಲಿ ಮಣ್ಣು ಇಲ್ಲ. ಇರುವುದು ಪಿವಿಸಿ ಪ್ಲಾಸ್ಟಿಕ್, ಅದನ್ನು ಮೃದುವಾಗಿಡುವ ದ್ರವ ಮತ್ತು ಬಣ್ಣ. ‘ಪಾಲಿಮರ್ ಕಣಕ’ ಎನ್ನಬಹುದಿತ್ತು, ಒಬ್ಬಟ್ಟು ಅಡ್ಡ ಬರುತ್ತದೆ. ಹಾಗಾಗಿ ‘ಪಾಲಿಮರ್ ಕ್ಲೇ’ ಎಂದೇ ಇಟ್ಟಿದ್ದೇನೆ.

ಮಣ್ಣೆಂದು ಬಗೆದರೆ ಕ್ರಿಯಾಪದವೂ ದಾರಿ ತಪ್ಪುತ್ತದೆ. ಕುಂಬಾರರು ಮಡಕೆಯನ್ನು ಆವಿಗೆಯಲ್ಲಿ ಸುಡುತ್ತಾರೆ. ಇದನ್ನಾದರೋ ಮನೆಯ ಓವನ್ನಿನಲ್ಲಿ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಟ್ಟಿ ಮಾಡುತ್ತಾರೆ. ನಿಜವಾಗಿಯೂ ‘ಸುಟ್ಟರೆ’ ಕೆರಳಿಸುವ ಹೊಗೆ ಏಳುತ್ತದೆ; ಆದ್ದರಿಂದ ‘ಸುಡಿ’ ಎಂದು ಬರೆಯುವುದು ಬರಿಯ ಭಾಷೆಯ ತಪ್ಪಲ್ಲ. ‘ಬೇಯಿಸಿ’ ಎಂಬುದು ಸದ್ಯಕ್ಕೆ ಸಾಕೆನಿಸಿದೆ.

ಅರಗಿನ ಬಳೆ, ಗಾಜಿನ ಮಣಿ ಅಥವಾ ಮಿಠಾಯಿ ಕೆಲಸದಲ್ಲಿ, ಒಳಗೆ ಚಿತ್ತಾರವಿಟ್ಟು ಕೊಯ್ಯುವ ಉರುಳೆಗೆ ಕನ್ನಡದಲ್ಲಿ ರೂಢಿಯ ಹೆಸರೇನಾದರೂ ಇದೆಯೇ? ಇಲ್ಲವಾದರೆ ‘ದಿಂಡು’ ತಮ್ಮ ಕಡೆಯ ಮಾತಿನಲ್ಲಿ ಈ ಅರ್ಥಕ್ಕೆ ಒಗ್ಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.